ಸಿಂಪಲ್ಲು ಸರಿ, ಆದ್ರೆ ಯಾರಿಗೆ?

ಆ್ಯಪ್‌ಗಳಿಗೆ ಸ್ಕ್ರೀನ್ ಬಿಡಿಸೋದು ನನ್ನ ಹೊಟ್ಟೆಪಾಡು. ಬಟನ್ ಎಲ್ಲಿರಬೇಕು, ಅದರ ಮೇಲೆ ಏನು ಬರೀಬೇಕು, ಒತ್ತಿದ್ರೆ ಮುಂದೆ ಏನು ಕಾಣಬೇಕು, ಇಂಥವೇ. ಈ ಕೆಲಸದಲ್ಲಿ ಮೀಟಿಂಗಿಗೆ ಕೂತ್ರೆ ಸಾಕು, ಯಾರಾದ್ರೂ ಒಬ್ರು "ಸಿಂಪಲ್ಲಾಗಿರ್ಲಿ" ಅಂತ ಹೇಳೇ ಹೇಳ್ತಾರೆ, ಉಳಿದೋರೆಲ್ಲ ತಲೆ ಆಡಿಸ್ತಾರೆ. ಬೇಡ ಅನ್ನೋಕೆ ಅದರಲ್ಲಿ ಏನಿದೆ? ಆದ್ರೆ ಹೇಳಿದೋರ ತಲೇಲಿ ಇರೋದು ಬಿಳಿ ಜಾಗ ಜಾಸ್ತಿ ಬಟನ್ ಕಮ್ಮಿ, ದುಡ್ಡಿನ ಲೆಕ್ಕ ನೋಡೋರ ತಲೇಲಿ ಇರೋದು ಖರ್ಚು ಕಮ್ಮಿ, ಕೋಡ್ ಬರೆಯೋ ಹುಡುಗನ ತಲೇಲಿ ಇರೋದು ಈ ಶುಕ್ರವಾರದೊಳಗೆ ಮುಗೀಲಿ ಮಾರಾಯ ಅಂತ. ಎಲ್ರೂ ಒಪ್ಪಿಕೊಂಡು ಎದ್ದು ಹೋಗ್ತಾರೆ, ಯಾರು ಏನಕ್ಕೆ ಒಪ್ಪಿಕೊಂಡ್ರು ಅಂತ ಯಾರಿಗೂ ಗೊತ್ತಿರಲ್ಲ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಊಟದ ಟೈಮಲ್ಲಿ ಕೇಳಿದಳು, ನಿಮ್ಮ ಪ್ರಕಾರ ನಮ್ಮ ದೇಶದ ಬೆಸ್ಟ್ ಡಿಸೈನ್ ಯಾವುದು ಅಂತ. ತಂಬಿಗೆ ಅಂತ ಹೇಳ್ತೀನಿ ಅಂದ್ಕೊಂಡಿರಬೇಕು, ಡಿಸೈನ್ ಸ್ಕೂಲಲ್ಲಿ ಓದಿದೋರೆಲ್ಲ ತಂಬಿಗೆ ಅಂತಾರೆ, ಅಮೆರಿಕದ ಡಿಸೈನರ್ ಈಮ್ಸ್ ದಂಪತಿ 1958ರಲ್ಲಿ ನಮ್ಮ ಸರ್ಕಾರಕ್ಕೆ ಕೊಟ್ಟ ರಿಪೋರ್ಟಲ್ಲಿ ತಂಬಿಗೇನ ಹಾಡಿ ಹೊಗಳಿದ್ರು ನೋಡಿ, ಅವತ್ತಿಂದ ಅದೇ ನಡ್ಕೊಂಡು ಬಂದಿದೆ. ನಾನು ಬೋರ್‌ವೆಲ್ ಪಂಪು ಅಂದೆ. ಯಾವ ಪಂಪು? ಅದೇ ಕಣಮ್ಮ, ಸ್ಕೂಲ್ ಹತ್ರ, ಅರಳೀಕಟ್ಟೆ ಹತ್ರ ಇರ್ತಿತ್ತಲ್ಲ, ಉದ್ದ ಹ್ಯಾಂಡಲ್ ಹಿಡಿದು ಕಟಕ್ ಕಟಕ್ ಅಂತ ಒತ್ತೋದು. ಟೇಬಲ್ ಸುತ್ತ ಕೂತಿದ್ದೋರೆಲ್ಲ ನಕ್ಕರು. ಆ ನಗುವಿಗೆ ಊಟದ ಅರ್ಧ ಗಂಟೇಲಿ ಉತ್ತರ ಹೇಳೋಕಾಗ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ, ಉದ್ದ ಆದ್ರೆ ಬೈಕೋಬೇಡಿ.

ನಮ್ಮೂರು ಬಯಲುಸೀಮೆ ಕಡೆ. ಊರ ಮುಂದೆ ಒಂದು, ಸ್ಕೂಲ್ ಹತ್ರ ಒಂದು ಪಂಪಿತ್ತು. ಸ್ಕೂಲಿಂದು ಒತ್ತೋಕೆ ನಮ್ಮಂಥ ಚಿಕ್ಕ ಹುಡುಗರು ಇಬ್ಬಿಬ್ರು ಸೇರಿ ಹ್ಯಾಂಡಲ್‌ಗೆ ಜೋತು ಬೀಳ್ತಿದ್ವಿ, ಒಬ್ಬ ನಲ್ಲಿ ಬಾಯಿಗೆ ಅಂಗೈ ಕೊಟ್ಟು ಬಗ್ಗಿ ಕುಡೀತಿದ್ದ, ಆಮೇಲೆ ಪಾಳಿ ಬದಲು. ಬೆಳಿಗ್ಗೆ ಐದಕ್ಕೆ ಶುರುವಾದ ಸದ್ದು ರಾತ್ರಿ ಊಟದ ಹೊತ್ತಿನವರೆಗೂ ನಿಲ್ತಿರ್ಲಿಲ್ಲ. ಹೆಂಗಸರು, ಮಕ್ಕಳು, ದನಕ್ಕೆ ನೀರು ಹಿಡಿಯೋರು, ಲಾರಿ ಡ್ರೈವರ್‌ಗಳು, ಎಲ್ರೂ. ಒಬ್ಬೊಬ್ರು ಒಂದೊಂದು ಥರ ಒತ್ತೋರು, ಕೆಲವರು ಸಿಟ್ಟಿಂದ ಒತ್ತೋರು. ಅದನ್ನ ಹೇಗೆ ಬಳಸಬೇಕು ಅಂತ ಬೋರ್ಡ್ ಹಾಕಿದ್ದನ್ನ ನಾನಂತೂ ಎಲ್ಲೂ ನೋಡಿಲ್ಲ.

ಇದು ಆಕಾಶದಿಂದ ಉದುರಿದ್ದಲ್ಲ, ಇದರ ಹಿಂದೆ ದೊಡ್ಡ ಕತೆ ಇದೆ. 1960ರ ದಶಕದ ಕೊನೇಲಿ ಬಿಹಾರ, ಮಹಾರಾಷ್ಟ್ರದ ಕಡೆ ಬರ ಬಿದ್ದಾಗ ಯುನಿಸೆಫ್‌ನೋರು ಗಾಳಿ ಒತ್ತಡದಲ್ಲಿ ಕಲ್ಲು ಕೊರೆಯೋ ರಿಗ್‌ಗಳನ್ನ ಹೊರದೇಶದಿಂದ ತರಿಸಿದ್ರು. ದಖನ್ ಅಂದ್ರೆ ಗೊತ್ತಲ್ಲ, ಸ್ವಲ್ಪ ಮಣ್ಣು, ಕೆಳಗೆಲ್ಲ ಬಂಡೆ. ಅಲ್ಲಿವರೆಗೆ ಬಾವಿ ಅಂದ್ರೆ ಕೈಯಲ್ಲಿ ತೋಡೋದು, ಮದ್ದು ಇಟ್ಟು ಒಡೆಯೋದು, ತಿಂಗಳುಗಟ್ಟಲೆ ಕೆಲಸ. ರಿಗ್ ಬಂದ್ಮೇಲೆ ಒಂದೆರಡು ದಿನದಲ್ಲಿ ತೂತು ರೆಡಿ. ತೂತೇನೋ ಆಯ್ತು, ಅದರ ಬಾಯಿಗೆ ಕೂರಿಸಿದ್ದು ಏನು? ಎರಕದ ಕಬ್ಬಿಣದ ಪಂಪುಗಳು, ಯುರೋಪು ಅಮೆರಿಕದ ತೋಟದ ಮನೆಗಳಲ್ಲಿ ಒಂದು ಕುಟುಂಬ ದಿನಕ್ಕೆ ನಾಲ್ಕು ಬಕೆಟ್ ನೀರು ಹಿಡಿಯೋಕೆ ಇಟ್ಕೊಳ್ತಿದ್ದ ಮಾದರಿಯವು. ಅದನ್ನ ತಂದು ಇಡೀ ಊರಿನ ಮುಂದೆ ನಿಲ್ಲಿಸಿದ್ರೆ ಏನಾಗುತ್ತೆ? ಹ್ಯಾಂಡಲ್ ಮುರೀತು, ಪಿನ್ನು ಸವೀತು, ಬೋಲ್ಟು ಉದುರಿತು. 1974ರ ಸುಮಾರಿಗೆ ಲೆಕ್ಕ ತೆಗೆದು ನೋಡಿದ್ರೆ ಹಾಕಿದ ಪಂಪುಗಳಲ್ಲಿ ಮುಕ್ಕಾಲು ಪಾಲು ಕೆಟ್ಟು ನಿಂತಿದ್ವು. ಕೋಟ್ಯಂತರ ರೂಪಾಯಿ ಸುರಿದು ಕೊರೆದ ಬಾವಿ, ಅದರ ಮೇಲೆ ಮುರಿದ ಹ್ಯಾಂಡಲ್.

ನೋಡೋಕೆ ಆ ಹಳೇ ಪಂಪು ಈಗಿನದಕ್ಕಿಂತ ಸಿಂಪಲ್ಲೇ. ಗಿಡ್ಡಕ್ಕೆ, ಚಂದಕ್ಕೆ, ಬಾಗಿದ ಹಿಡಿ, ಹಳೇ ಇಂಗ್ಲಿಷ್ ಕತೆ ಪುಸ್ತಕದ ಚಿತ್ರಗಳಲ್ಲಿ ಬರೋ ಥರದ್ದು. ಬೆಲೆನೂ ಕಮ್ಮಿ. ಇವತ್ತಿನ ಯಾವ ಮೀಟಿಂಗಲ್ಲಿ ಇಟ್ರೂ ಅದೇ ಪಾಸಾಗ್ತಿತ್ತು ಅಂತ ನನ್ನ ಅನುಮಾನ.

ಅದೇ ಹೊತ್ತಿಗೆ ಮಹಾರಾಷ್ಟ್ರದಲ್ಲಿ, ಮೊದಲು ಜಾಲ್ನಾದ ಒಂದು ಕ್ರೈಸ್ತ ಮಿಷನ್‌ನಲ್ಲಿ, ಆಮೇಲೆ ಸೊಲ್ಲಾಪುರದಲ್ಲಿ ಬಾವಿ ಕೆಲಸ ಮಾಡ್ತಿದ್ದ ಜನ ತಾವೇ ವೆಲ್ಡಿಂಗ್ ಮಾಡಿ ಸ್ಟೀಲಿನ ಪಂಪು ತಯಾರು ಮಾಡ್ಕೊಂಡಿದ್ರು. ಸೊಲ್ಲಾಪುರ ಅಂದ್ರೆ ನಮಗೆ ಸೊನ್ನಲಿಗೆ, ಹನ್ನೆರಡನೇ ಶತಮಾನದಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ ಊರು. ಅದೇ ಊರಿಂದ ಎಂಟುನೂರು ವರ್ಷ ಆದ್ಮೇಲೆ ನೀರಿನ ಪಂಪು ಬಂತು ಅನ್ನೋದು ನನಗೆ ಯಾವಾಗ ನೆನಪಾದ್ರೂ ಖುಷಿ ಕೊಡುತ್ತೆ. ಇದು ಬರೀ ಕಾಕತಾಳೀಯ, ಆದ್ರೂ. ಸೊಲ್ಲಾಪುರದ ಪಂಪು ಮಿಕ್ಕ ಪಂಪುಗಳಷ್ಟು ಬೇಗ ಕೆಡ್ತಿರ್ಲಿಲ್ಲ. ಅದನ್ನೇ ಬುನಾದಿ ಮಾಡ್ಕೊಂಡು ಕೇಂದ್ರ ಸರ್ಕಾರ, ಯುನಿಸೆಫ್ ಮತ್ತೆ ಸರ್ಕಾರದ್ದೇ ಕಾರ್ಖಾನೆ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಸೇರ್ಕೊಂಡು ತಿದ್ದಿ ತೀಡಿ, ಕೊಯಮತ್ತೂರಿನ ಸುತ್ತ ನೀರು ಆಳದಲ್ಲಿರೋ ಜಾಗದಲ್ಲಿ ಹಾಕಿ ಪರೀಕ್ಷೆ ಮಾಡಿ ಹೊರಗೆ ತಂದದ್ದೇ ಇಂಡಿಯಾ ಮಾರ್ಕ್ ಟೂ. ಹೆಸರು ಕೇಳಿದ್ರೆ ಮಿಸೈಲ್ ಇದ್ದಂಗಿದೆ.

ಒಳಗೆ ಏನಿದೆ ಅಂತ ಹೇಳ್ತೀನಿ, ಬೋರ್ ಅನ್ನಿಸಿದ್ರೆ ಈ ಒಂದು ಪ್ಯಾರಾ ಹಾರಿಸಿ, ಆದ್ರೆ ನನ್ನ ಪ್ರಕಾರ ಮಜಾ ಇರೋದೇ ಇಲ್ಲಿ. ಹಳೇ ಪಂಪಲ್ಲಿ ಹ್ಯಾಂಡಲ್ಲು, ಅದಕ್ಕೊಂದು ಕೊಂಡಿ, ಕೊಂಡಿಗೆ ಇನ್ನೊಂದು ಪಿನ್ನು, ಹೀಗೆ ಹಲವು ಕೀಲು. ಪ್ರತಿ ಕೀಲೂ ಸವೆಯೋ ಜಾಗ. ಹೊಸದರಲ್ಲಿ ಒಂದೇ ಕೀಲು, ಅದಕ್ಕೆ ಬಾಲ್ ಬೇರಿಂಗ್, ಸೀಲ್ ಆಗಿರೋದು, ಎಣ್ಣೆ ಬಿಡೋ ತಂಟೆ ಇಲ್ಲ. ಹ್ಯಾಂಡಲ್ಲಿನ ತಲೆ ಕಮಾನಿನ ಥರ ಬಾಗಿರುತ್ತೆ, ಅದರ ಮೇಲಿಂದ ಒಂದು ಚೈನ್ ಇಳಿದು ಕೆಳಗಿನ ರಾಡ್‌ಗೆ ಸೇರುತ್ತೆ. ಹ್ಯಾಂಡಲ್ ಎಷ್ಟೇ ಓರೆಯಾಗಿ ಏರಿಳಿದ್ರೂ ಚೈನು ಕಮಾನಿನ ಮೇಲೆ ಸುತ್ತಿಕೊಳ್ಳೋದ್ರಿಂದ ರಾಡು ಮಾತ್ರ ಯಾವಾಗ್ಲೂ ನೆಟ್ಟಗೆ ಮೇಲೆ ಬರುತ್ತೆ, ಪಕ್ಕಕ್ಕೆ ಎಳೆತ ಇಲ್ಲ, ಹಾಗಾಗಿ ಸವೆತಾನೂ ಕಮ್ಮಿ. ಚೈನಿಗೆ ಎಳೆಯೋಕೆ ಬರುತ್ತೆ, ನೂಕೋಕೆ ಬರಲ್ಲ. ಮತ್ತೆ ರಾಡ್ ಕೆಳಗೆ ಹೋಗೋದು ಹೇಗೆ? ತನ್ನ ತೂಕಕ್ಕೆ ತಾನೇ ಇಳಿಯುತ್ತೆ. ಹ್ಯಾಂಡಲ್ಲು ಟೊಳ್ಳು ಪೈಪ್ ಅಲ್ಲ, ಗಟ್ಟಿ ಕಬ್ಬಿಣದ ಸರಳು, ಯಾಕಂದ್ರೆ ಆ ಭಾರ ಒಳಗಿನ ರಾಡ್‌ಗಳ ಭಾರಕ್ಕೆ ಎದುರು ತೂಗಬೇಕು, ಹಾಗೆ ತೂಗೋದ್ರಿಂದ್ಲೇ ಹತ್ತು ವರ್ಷದ ಮಗುನೂ ನೂರೈವತ್ತು ಅಡಿ ಕೆಳಗಿನ ನೀರು ಎತ್ತುತ್ತೆ. ಒಂದು ನಿಮಿಷ ಬಿಡದೆ ಒತ್ತಿದ್ರೆ ಸುಮಾರು 12 ಲೀಟರ್, ಅಂದ್ರೆ ಒಂದು ಕೊಡದ ಹತ್ರ ಹತ್ರ.

ಇಷ್ಟೆಲ್ಲ ಮಾಡಿದ್ಮೇಲೆ ಇದಕ್ಕೆ ಪೇಟೆಂಟ್ ಮಾಡ್ಸಿಲ್ಲ. ಯಾರು ಬೇಕಾದ್ರೂ ತಯಾರು ಮಾಡಬಹುದು, ಆದ್ರೆ ಅಳತೆ ಒಂದು ಕೂದಲೆಳೆ ತಪ್ಪಂಗಿಲ್ಲ. 1979ರಲ್ಲಿ ಐಎಸ್ 9301 ಅಂತ ಇಂಡಿಯನ್ ಸ್ಟಾಂಡರ್ಡ್ ಬಂತು, ಪ್ರತಿ ಭಾಗದ ಡ್ರಾಯಿಂಗು, ಯಾವ ಕಬ್ಬಿಣ, ಎಷ್ಟು ದಪ್ಪ, ಸತುವಿನ ಲೇಪ ಹೇಗೆ, ಎಲ್ಲ ಅದರಲ್ಲಿ. ಅದರಿಂದಾಗಿ ಲೂಧಿಯಾನದಲ್ಲಿ ಮಾಡಿದ ಚೈನು ಚಿತ್ರದುರ್ಗದ ಪಂಪಿಗೂ ಕೂರುತ್ತೆ. ಊರ ಮುಂದೆ ನಿಂತು ನೀರು ಒತ್ತೋ ಹೆಂಗಸಿಗೆ ಈ ಕಾಗದ ಪತ್ರ ಯಾವುದೂ ಕಾಣಲ್ಲ, ಕಾಣಬೇಕಾಗೂ ಇಲ್ಲ. ಅವಳಿಗೆ ಒಂದು ಹ್ಯಾಂಡಲ್, ಒಂದು ನಲ್ಲಿ ಬಾಯಿ. ಆ ಎರಡನ್ನ ಅವಳ ಮುಂದೆ ಇಡೋಕೆ ಅಷ್ಟೊಂದು ಜನ ಅಷ್ಟು ವರ್ಷ ತಲೆ ಕೆಡಿಸ್ಕೊಂಡಿದ್ದಾರೆ. 1990ರ ದಶಕದ ಮಧ್ಯದ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 50 ಲಕ್ಷ ಪಂಪು ತಯಾರಾಗಿದ್ವು.

ನಮ್ಮ ರಾಜ್ಯದ ಮಟ್ಟಿಗೆ ಈ ಪಂಪು ಅಂದ್ರೆ ನಜೀರ್ ಸಾಬರ ನೆನಪು. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಬಂದಾಗ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿ ಆದ್ರು, ಹಳ್ಳಿ ಹಳ್ಳಿಗೂ ಬೋರ್‌ವೆಲ್ ಕೊರೆಸಿದ್ರು, ಜನ ಅವರನ್ನ ನೀರ್ ಸಾಬ್ ಅಂತಾನೇ ಕರೆದ್ರು. ನಮ್ಮಜ್ಜಿಗೆ ಆ ಕಾಲದ ಬೇರೆ ಮಂತ್ರಿಗಳ ಹೆಸರು ಒಂದೂ ನೆನಪಿರ್ಲಿಲ್ಲ, ನೀರ್ ಸಾಬ್ ಮಾತ್ರ ಗೊತ್ತಿತ್ತು. ಜಿಲ್ಲಾ ಪರಿಷತ್ತು ಮಂಡಲ ಪಂಚಾಯ್ತಿ ವ್ಯವಸ್ಥೆ ತಂದದ್ದೂ ಅವರೇ. ಬೋರ್‌ವೆಲ್ಲು ಮತ್ತೆ ಪಂಚಾಯ್ತಿ ಎರಡನ್ನೂ ಬೇರೆ ಬೇರೆ ಸಾಧನೆ ಅಂತ ಬರೀತಾರೆ, ನನಗೇನೋ ಎರಡೂ ಒಂದೇ ಅನ್ನಿಸುತ್ತೆ. ಪಂಪು ಕೆಟ್ಟಾಗ ಯಾರ ಹತ್ರ ಹೋಗಿ ಜಗಳ ಆಡ್ಬೇಕು ಅಂತ ಗೊತ್ತಿರೋದು ಪಂಪಿನಷ್ಟೇ ಮುಖ್ಯ ಅಲ್ವಾ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡ್ರು. ಮೈಸೂರಲ್ಲಿ ಪಂಚಾಯ್ತಿಯೋರಿಗೆ ತರಬೇತಿ ಕೊಡೋ ಸಂಸ್ಥೆಗೆ ಅವರ ಹೆಸರೇ ಇಟ್ಟಿದ್ದಾರೆ.

ಈಗ ನಾನು ನಿಜವಾಗ್ಲೂ ಹೇಳಬೇಕು ಅಂದ್ಕೊಂಡಿದ್ದ ವಿಷಯಕ್ಕೆ ಬರ್ತೀನಿ. ಇಷ್ಟು ಹೊಗಳಿದ ಪಂಪು ಕೆಡ್ತಾನೇ ಇರ್ಲಿಲ್ಲ ಅಂತಲ್ಲ. ಊರಲ್ಲಿ "ವಾಸರ್ ಹೋಗೈತೆ" ಅಂತಿದ್ರು. ನೀರೊಳಗೆ ಸಿಲಿಂಡರ್ ಇರುತ್ತೆ, ಅದರಲ್ಲಿ ಬಟ್ಟಲಿನ ಆಕಾರದ ಚರ್ಮದ ವಾಷರ್, ಅದು ಸವೆದ್ರೆ ಎಷ್ಟು ಒತ್ತಿದ್ರೂ ನೀರು ಬರಲ್ಲ. ವಾಷರ್ ಬೆಲೆ ಚಿಲ್ಲರೆ ಕಾಸು. ಆದ್ರೆ ಅದನ್ನ ಬದಲಾಯಿಸಬೇಕು ಅಂದ್ರೆ ಮೇಲಿನ ತಲೆ ಬಿಚ್ಚಿ, 32 ಮಿಲಿಮೀಟರಿನ ಕಬ್ಬಿಣದ ಪೈಪುಗಳನ್ನ ಒಂದೊಂದಾಗಿ, ಮೂರು ಮೂರು ಮೀಟರಿನವು, ನೀರು ತುಂಬಿಕೊಂಡಿರೋವನ್ನ, ಮುಕ್ಕಾಲಿ ನಿಲ್ಲಿಸಿ ಕ್ಲಾಂಪ್ ಹಾಕಿ ಮೇಲಕ್ಕೆ ಎಳೀಬೇಕು. ನಾಲ್ಕೈದು ಗಟ್ಟಿ ಆಳು, ಅದಕ್ಕೇ ಮಾಡಿದ ಟೂಲುಗಳು, ಒಂದು ಗಾಡಿ. ಕೈ ಜಾರಿದ್ರೆ ಇಡೀ ಪೈಪ್ ಸಾಲು ಬಾವಿಯೊಳಗೆ. ಹಾಗಾಗಿ ತಾಲ್ಲೂಕಿಂದ ರಿಪೇರಿ ಗಾಡಿ ಬರೋವರೆಗೆ ಊರು ಕಾಯಬೇಕು, ಗಾಡಿ ಇದ್ರೆ ಡೀಸೆಲ್ ಇಲ್ಲ, ಡೀಸೆಲ್ ಇದ್ರೆ ಮೆಕ್ಯಾನಿಕ್ ರಜೆ. ಅಷ್ಟು ದಿನ ಹೆಂಗಸರು ಮತ್ತೆ ಹಳೇ ಬಾವಿಗೆ.

ಅಂದ್ರೆ ಈ ಪಂಪು ಬಳಸೋಕೆ ಸಿಂಪಲ್, ರಿಪೇರಿಗೆ ಅಲ್ಲ. ಇದನ್ನ ಒಪ್ಪಿಕೊಂಡು ಮತ್ತೆ ಕೂತು ಕೆಲಸ ಮಾಡಿದ್ರಲ್ಲ, ಅದಕ್ಕೆ ಅವರಿಗೆ ಕೈ ಮುಗೀಬೇಕು. 1980ರ ದಶಕದಲ್ಲಿ ಕೊಯಮತ್ತೂರಿನ ಕಡೆನೇ ಇನ್ನೊಂದು ಸುತ್ತು ಪ್ರಯೋಗ ನಡೀತು, ಅದರಿಂದ ಮಾರ್ಕ್ ತ್ರೀ ಬಂತು. ಹೊರಗಿಂದ ನೋಡಿದ್ರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲ್ಲ. ಒಳಗೆ ಪೈಪನ್ನ 65 ಮಿಲಿಮೀಟರಿಗೆ ಅಗಲ ಮಾಡಿದ್ರು, ಸಿಲಿಂಡರಿಗಿಂತ ಪೈಪೇ ದೊಡ್ಡದಾದ್ರೆ ವಾಷರ್ ಇರೋ ಪಿಸ್ಟನ್ನು ಪೈಪಿನೊಳಗಿಂದಾನೇ ರಾಡ್ ಸಮೇತ ಮೇಲೆ ಬರುತ್ತೆ, ಪೈಪ್ ಎತ್ತೋ ಕೆಲಸನೇ ಇಲ್ಲ. ಗಾಡಿ ಬೇಡ, ಮುಕ್ಕಾಲಿ ಬೇಡ, ಸ್ವಲ್ಪ ತರಬೇತಿ ಕೊಟ್ರೆ ಊರಿನ ಇಬ್ಬರು ಹೆಂಗಸರೇ ಸ್ಪ್ಯಾನರ್ ಹಿಡಿದು ಮಾಡ್ಕೋಬಹುದು. ಆದ್ರೆ ಇದೂ ಪುಕ್ಕಟೆ ಬರ್ಲಿಲ್ಲ ನೋಡಿ. ಅಗಲ ಪೈಪು ಅಂದ್ರೆ ಕಬ್ಬಿಣ ಜಾಸ್ತಿ, ದುಡ್ಡು ಜಾಸ್ತಿ, ಭಾರ ಜಾಸ್ತಿ, ಮಾರ್ಕ್ ಟೂ ಇಳಿಯುವಷ್ಟು ಆಳಕ್ಕೆ ಇದನ್ನ ಇಳಿಸೋಕಾಗಲ್ಲ. ರಿಪೇರಿಯೋನ ಕಷ್ಟ ತೆಗೆದು ಖರೀದಿ ಮಾಡೋನ ತಲೆಗೆ ಕಟ್ಟಿದ್ರು. ನನ್ನ ಪ್ರಕಾರ ಅದು ಸರಿಯಾದ ತಲೆ.

ಲ್ಯಾರಿ ಟೆಸ್ಲರ್ ಅಂತ ಒಬ್ರಿದ್ರು, ಜೆರಾಕ್ಸ್ ಕಂಪನಿಯ ರಿಸರ್ಚ್ ಸೆಂಟರಲ್ಲಿ, ಆಮೇಲೆ ಆ್ಯಪಲ್‌ನಲ್ಲಿ ಕೆಲಸ ಮಾಡಿದೋರು, ನಾವು ದಿನಾ ಮಾಡೋ ಕಟ್ ಕಾಪಿ ಪೇಸ್ಟ್ ಅವರ ಕಾಣಿಕೆ, 2020ರಲ್ಲಿ ಹೋಗಿಬಿಟ್ರು. ಅವರು ಹೇಳ್ತಿದ್ದ ಒಂದು ನಿಯಮ ಇದೆ: ಯಾವುದೇ ಕೆಲಸದಲ್ಲಿ ಇಷ್ಟು ಅಂತ ಜಟಿಲತೆ ಇದ್ದೇ ಇರುತ್ತೆ, ಅದನ್ನ ಇಲ್ಲ ಅನ್ನಿಸೋಕಾಗಲ್ಲ, ಬಳಸೋನು ಹೊರಬೇಕಾ ಮಾಡೋನು ಹೊರಬೇಕಾ ಅನ್ನೋದಷ್ಟೇ ಪ್ರಶ್ನೆ. ನಮ್ಮ ಫೀಲ್ಡಲ್ಲಿ ಎಲ್ರೂ ಇದನ್ನ ಓದಿರ್ತಾರೆ, ಪ್ರೆಸೆಂಟೇಶನ್‌ನಲ್ಲಿ ಹಾಕ್ತಾರೆ, ಆಮೇಲೆ ಮರೀತಾರೆ. ಇನ್ನೊಂದು ಇದೆಯಲ್ಲ, ಕಿಸ್ ಅಂತ, ಕೀಪ್ ಇಟ್ ಸಿಂಪಲ್ ಅಂತ ಶುರುವಾಗಿ ಕೊನೇಲಿ ಬೈಗುಳ ಬರೋದು, ಅದು ಅಮೆರಿಕದ ಲಾಕ್‌ಹೀಡ್ ವಿಮಾನ ಕಂಪನಿಯ ಎಂಜಿನಿಯರ್ ಕೆಲ್ಲಿ ಜಾನ್ಸನ್ ಹೆಸರಲ್ಲಿದೆ. ಆತ ತನ್ನ ಎಂಜಿನಿಯರ್‌ಗಳ ಕೈಗೆ ನಾಲ್ಕು ಸಾಮಾನ್ಯ ಟೂಲ್ ಕೊಟ್ಟು, ಯುದ್ಧದ ಜಾಗದಲ್ಲಿ ಸಾಧಾರಣ ಮೆಕ್ಯಾನಿಕ್ ಒಬ್ಬ ಇಷ್ಟರಲ್ಲೇ ರಿಪೇರಿ ಮಾಡೋ ಹಂಗೆ ವಿಮಾನ ಮಾಡಿ ಅಂದ ಅಂತ ಒಂದು ಕತೆ ಓಡಾಡ್ತಾ ಇದೆ. ಕತೆ ನಿಜವೋ ಸುಳ್ಳೋ, ಅದರಲ್ಲಿ ಚಂದ ಕಾಣೋ ಮಾತೇ ಇಲ್ಲ ಅನ್ನೋದನ್ನ ಗಮನಿಸಿ, ಪೂರ್ತಿ ಮಾತು ರಿಪೇರಿಯೋನ ಬಗ್ಗೆ. ಅಂದಹಾಗೆ ಜಾನ್ಸನ್ ಮಾಡಿದ ಬೇಹುಗಾರಿಕೆ ವಿಮಾನದ ಹೆಸರು ಯು-2. ನಮ್ಮ ಮಾರ್ಕ್ ಟೂ ಪಂಪು ಉಗಾಂಡಕ್ಕೆ ಹೋಗಿ ಅಲ್ಲಿನ ಸ್ಟಾಂಡರ್ಡ್ ಆದಾಗ ಅದಕ್ಕಿಟ್ಟ ಹೆಸರೂ ಯು-2. ಎರಡಕ್ಕೂ ಸಂಬಂಧ ಇಲ್ಲ, ಹೇಳದೆ ಇರೋಕಾಗ್ಲಿಲ್ಲ ಅಷ್ಟೇ.

ಈ ಕಣ್ಣಲ್ಲಿ ನೋಡೋಕೆ ಶುರು ಮಾಡಿದ್ರೆ ದಿನನಿತ್ಯದ ಎಷ್ಟೋ ಸರಳತೆಗಳ ಬಣ್ಣ ಬಯಲಾಗುತ್ತೆ. ನಮ್ಮಪ್ಪಂದು ಒಂದು ಬ್ಯಾಂಕಲ್ಲಿ ಪೆನ್ಶನ್ ಖಾತೆ. ಮೊದಲು ಪಾಸ್‌ಬುಕ್ ಕೊಟ್ರೆ ಟರ್ರ್ ಅಂತ ಎಂಟ್ರಿ ಹಾಕಿ ಕೊಡ್ತಿದ್ರು, ನೋಡ್ಕೊಂಡು ಬರ್ತಿದ್ರು. ಈಗ ಆ್ಯಪ್‌ನಲ್ಲೇ ನೋಡ್ಕೊಳ್ಳಿ ಅಂತಾರೆ. ಆ್ಯಪ್ ಹೊಸದಾಗಿ ಡಿಸೈನ್ ಆಗಿ ಬಹಳ ಕ್ಲೀನ್ ಆಗಿದೆ, ಪರದೆ ತುಂಬ ಬಿಳುಪು, ಮಧ್ಯೆ ಒಂದು ದೊಡ್ಡ ಸಂಖ್ಯೆ, ಕೆಳಗೆ ನಾಲ್ಕು ಐಕಾನು, ಹೆಸರಿಲ್ಲ. ಸ್ಟೇಟ್‌ಮೆಂಟ್ ಎಲ್ಲಿದೆ ಅಂತ ಹುಡುಕಬೇಕು ಅಂದ್ರೆ ಮೂಲೇಲಿರೋ ಮೂರು ಗೆರೆ ಒತ್ತಿ, ಒಳಗೆ ಇನ್ನೊಂದು ಪಟ್ಟಿ, ಅದರೊಳಗೆ ಸರ್ವಿಸಸ್. ಅಪ್ಪ ಪ್ರತಿ ತಿಂಗಳ ಮೊದಲ ವಾರ ನನಗೆ ವಿಡಿಯೊ ಕಾಲ್ ಮಾಡ್ತಾರೆ, ಫೋನಿಂದಾನೇ ಕಾಲ್ ಮಾಡಿ ಅದೇ ಫೋನಿನ ಆ್ಯಪ್ ತೋರಿಸೋಕೆ ಒದ್ದಾಡ್ತಾರೆ, ನಾನು ಇಲ್ಲಿಂದ "ಮೇಲೆ ಅಪ್ಪಾ, ಎಡಗಡೆ ಮೇಲೆ" ಅಂತ ಕೂಗ್ತೀನಿ. ಬ್ಯಾಂಕಿನ ಕೌಂಟರಲ್ಲಿದ್ದ ಕೆಲಸ ಎಲ್ಲೂ ಮಾಯ ಆಗಿಲ್ಲ, ಸಂಬಳ ಇಲ್ಲದೆ ನನಗೆ ಟ್ರಾನ್ಸ್‌ಫರ್ ಆಗಿದೆ. ಈ ಆ್ಯಪನ್ನ ಬಿಡಿಸಿದೋರಿಗೆ ಅವಾರ್ಡ್ ಬಂದಿದ್ರೂ ಬಂದಿರಬಹುದು.

ಮನೆಗಳ ವಿಷಯನೂ ಅಷ್ಟೇ. ಯೂಟ್ಯೂಬಲ್ಲಿ ಮಿನಿಮಲ್ ಮನೆ ತೋರಿಸ್ತಾರೆ, ಒಂದು ದಿವಾನ್, ಒಂದು ಗಿಡ, ಅಡುಗೆಮನೆ ಕಟ್ಟೆ ಮೇಲೆ ಒಂದು ಚಮಚಾನೂ ಇಲ್ಲ. ನೋಡೋಕೆ ಹಿತ ಅನ್ನೋದು ಸುಳ್ಳಲ್ಲ, ನಾನೂ ರಾತ್ರಿ ಕೂತು ನೋಡ್ತೀನಿ. ಆದ್ರೆ ಮಿಕ್ಸಿ ಎಲ್ಲಿ? ಬೀರುವಿನೊಳಗೆ. ದಿನಾ ಚಟ್ನಿಗೆ ಅದನ್ನ ಹೊರಗೆ ತೆಗೆದು, ತೊಳೆದು ಒರೆಸಿ ಒಳಗಿಟ್ಟು, ಬಿಳಿ ಗೋಡೆ ಮೇಲೆ ಬಿದ್ದ ಅರಿಶಿನದ ಕಲೆ ಉಜ್ಜಿ ತೆಗೆಯೋಳು ಒಬ್ಬಳಿದ್ದಾಳಲ್ಲ, ಅವಳು ವಿಡಿಯೊದಲ್ಲಿಲ್ಲ. ನಮ್ಮಮ್ಮನ ಅಡುಗೆಮನೇಲಿ ಸೌಟುಗಳೆಲ್ಲ ಮೊಳೆಗೆ ನೇತು ಹಾಕಿರ್ತಿದ್ವು, ಸಾಸಿವೆ ಡಬ್ಬ ಕಣ್ಣು ಮುಚ್ಚಿ ಕೈ ಚಾಚಿದ್ರೂ ಸಿಗೋ ಕಡೆ. ಫೋಟೊಕ್ಕೆ ಲಾಯಕ್ಕಲ್ಲ, ಆದ್ರೆ ಒಗ್ಗರಣೆ ಸೀದು ಹೋಗ್ತಿರ್ಲಿಲ್ಲ. ಅವೆರಡರಲ್ಲಿ ಯಾವುದು ಸರಳ ಅಂತ ಅಡುಗೆ ಮಾಡೋರನ್ನೇ ಕೇಳಬೇಕು.

ಮದುವೆ ವಿಷಯ ಎತ್ತಲಿಲ್ಲ ಅಂದ್ರೆ ತಪ್ಪಾಗುತ್ತೆ. ಕುವೆಂಪು ಅವರ ಮಂತ್ರಮಾಂಗಲ್ಯ ನಿಮಗೆಲ್ಲ ಗೊತ್ತು, ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಹುಡುಗ ಹುಡುಗಿ ನಿಂತು ಕನ್ನಡದಲ್ಲಿ ಪ್ರತಿಜ್ಞೆ ಓದ್ತಾರೆ, ಮುಗೀತು. ಅವರ ಮಗ ತೇಜಸ್ವಿಯವರ ಮದುವೆ 1966ರಲ್ಲಿ ಆದದ್ದು ಹೀಗೇ. ನಮ್ಮ ಚಿಕ್ಕಪ್ಪನ ಮಗಳು ಹಾಗೇ ಮದುವೆ ಆದಳು. ಅವತ್ತಿನ ಕಾರ್ಯಕ್ರಮ ಒಂದು ಗಂಟೆಯೊಳಗೆ ಮುಗಿದು ಎಲ್ರೂ ಅನ್ನ ಸಾರು ಪಾಯಸ ಉಂಡು ಮನೆಗೆ ಹೋದ್ರು, ಬಂದೋರೆಲ್ಲ "ಎಷ್ಟು ಸಿಂಪಲ್ಲಾಗಿ ಮುಗಿಸಿಬಿಟ್ರಪ್ಪ" ಅಂದ್ರು. ಆ ಒಂದು ಗಂಟೆಗೆ ಮುಂಚಿನ ತಿಂಗಳುಗಳನ್ನ ನೋಡಿದೋರಿಗೆ ಗೊತ್ತು. ಚಿಕ್ಕಮ್ಮ ಮಾತು ಬಿಟ್ಟಿದ್ರು, ಹುಡುಗನ ಸೋದರಮಾವ ಬರಲ್ಲ ಅಂದಿದ್ರು, ಧಾರೆ ಎರೆಯದೆ ಹೆಣ್ಣು ಕೊಡೋದು ಹೇಗೆ ಅಂತ ಪಂಚಾಯ್ತಿಗಳೇ ನಡೆದ್ವು, ಹುಡುಗಿ ಒಬ್ಬೊಬ್ರ ಮನೆಗೂ ಹೋಗಿ ಕೂತು ಮಾತಾಡಿ ಒಪ್ಪಿಸಿದ್ಲು. ಛತ್ರದ ಖರ್ಚು ಉಳೀತು, ಅವಳ ಗಂಟಲು ಮಾತ್ರ ಹೋಯ್ತು. ಅವಳು ಖುಷಿಯಿಂದ ಹೊತ್ಕೊಂಡಳು, ಅದೇ ದೊಡ್ಡದು. ಇತ್ತೀಚೆಗೆ ರೆಸಾರ್ಟಲ್ಲಿ ಎಲ್ಲ ತಿಳಿ ಬಣ್ಣದ ಹೂವು ಹಾಕಿ ಮಿನಿಮಲ್ ವೆಡ್ಡಿಂಗ್ ಅಂತ ಮಾಡ್ತಾರಲ್ಲ, ಅದಕ್ಕೂ ಇದಕ್ಕೂ ಹೋಲಿಕೆ ಮಾಡೋಕೂ ಮನಸ್ಸು ಬರಲ್ಲ.

ಸರಿ, ಪಂಪಿನ ಮುಂದಿನ ಕತೆ. ಮಾರ್ಕ್ ಟೂಗೆ ಐವತ್ತು ಮೀಟರಿಗಿಂತ ಆಚೆ ಕೈಯಲ್ಲಿ ಎತ್ತೋದು ಕಷ್ಟ. ನಾವು ಮಾಡಿದ್ದೇನು? ಅದರ ಪಕ್ಕದ ಹೊಲದಲ್ಲಿ ಐನೂರು ಅಡಿ, ಎಂಟುನೂರು ಅಡಿ, ಕೋಲಾರ ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿ ಕೊರೆದು ಮೋಟರ್ ಬಿಟ್ವಿ. ಊರ ಮುಂದಿನ ಪಂಪು ಒಂದೊಂದಾಗಿ ಗಾಳಿ ಒತ್ತೋಕೆ ಶುರು ಮಾಡ್ತು. ಇದಕ್ಕೆ ಪಂಪನ್ನ ದೂರೋಕಾಗಲ್ಲ. ಇನ್ನೊಂದು, ಅದಕ್ಕಿಂತ ಕೆಟ್ಟದ್ದು, ಫ್ಲೋರೈಡ್. ಪಾವಗಡ, ಬಾಗೇಪಲ್ಲಿ ಕಡೆ ಬಂಡೆಯೊಳಗಿನ ನೀರಲ್ಲಿ ಅದು ಮಿತಿ ಮೀರಿ ಇರುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಯೋಗ್ಯ ಅಲ್ಲ, ವರ್ಷಗಟ್ಟಲೆ ಕುಡಿದ್ರೆ ಹಲ್ಲು ಕಂದು, ಇನ್ನೂ ಜಾಸ್ತಿ ಆದ್ರೆ ಮೂಳೆ ಸೊಟ್ಟ. ಕಣ್ಣಿಗೆ ಕಾಣದ, ನಾಲಿಗೆಗೂ ತಿಳಿಯದ ಈ ವಿಷ ಒಂದು ಹ್ಯಾಂಡಲ್ಲು ಒಂದು ನಲ್ಲಿ ಬಾಯಿ ಇರೋ ಯಂತ್ರಕ್ಕೆ ಗೊತ್ತಾಗೋದು ಸಾಧ್ಯನೇ ಇಲ್ಲ. ಬಳಸೋಕೆ ಎಷ್ಟು ಸಲೀಸೋ ಅಷ್ಟೇ ಸಲೀಸಾಗಿ ಕೆಟ್ಟ ನೀರನ್ನೂ ಮೇಲೆ ಕೊಡ್ತು. ಪಂಪು ಮಾಡಿದೋರು ಒತ್ತೋಳ ತೋಳನ್ನ ನೋಡಿದ್ರು, ರಿಪೇರಿಯೋನ ಸ್ಪ್ಯಾನರ್ ನೋಡಿದ್ರು, ಬಂಡೆಯೊಳಗಿಂದು ಅವರ ಲೆಕ್ಕಕ್ಕೇ ಬಂದಿರ್ಲಿಲ್ಲ.

ಈಗ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕು, ಕ್ಯಾನ್ ಇಡು, ಇಪ್ಪತ್ತು ಲೀಟರ್ ತಗೋ. ಹೊರಗಿಂದ ಪಂಪಿಗಿಂತಲೂ ಸಿಂಪಲ್, ಒತ್ತೋ ಕೆಲಸನೂ ಇಲ್ಲ. ಒಳಗೆ ಮಾತ್ರ ನೀರು ಸೋಸೋ ಮೆಂಬ್ರೇನು, ಒತ್ತಡದ ಪಂಪು, ಮೂರು ಫಿಲ್ಟರು, ಒಂದು ಕಂಟ್ರೋಲ್ ಬೋರ್ಡು, ಅದಕ್ಕೆ ಕರೆಂಟು, ಒಳ್ಳೇ ನೀರು ಕೊಡೋವಾಗ ಸುಮಾರಷ್ಟು ನೀರನ್ನ ಚರಂಡಿಗೂ ಬಿಡುತ್ತೆ. ಯಾವುದು ಕೆಟ್ರೂ ಊರಲ್ಲಿ ಯಾರ ಕೈಗೂ ಬಗ್ಗಲ್ಲ, ಗುತ್ತಿಗೆದಾರನಿಗೆ ಫೋನು. ಮಾರ್ಕ್ ಟೂ ಕಾಲದ ರಿಪೇರಿ ಗಾಡಿ ಕಾಯೋ ಕತೆನೇ ಮತ್ತೆ, ಈ ಸಲ ಮಾರ್ಕ್ ತ್ರೀ ಯೋಚನೆ ಮಾಡೋರು ಯಾರೂ ಕಾಣಿಸ್ತಿಲ್ಲ. ನನಗೆ ಕೇಳಿದ್ರೆ ಕುಡಿಯೋದಕ್ಕೆ ಅಡುಗೆಗೆ ಮನೆ ಮೇಲಿನ ಮಳೆ ನೀರು ಹಿಡಿಯೋದು ವಾಸಿ, ಅದರಲ್ಲಿ ಬಂಡೆಯ ಫ್ಲೋರೈಡ್ ಬರೋ ಪ್ರಶ್ನೆನೇ ಇಲ್ಲ, ಒಂದು ಪೈಪು, ಜಲ್ಲಿ ಮರಳಿನ ಫಿಲ್ಟರು, ಮುಚ್ಚಿದ ತೊಟ್ಟಿ. ಭಾರ ಅಲ್ಲೂ ಇದೆ: ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಬೇಕು, ಮೊದಲ ಮಳೆ ನೀರು ಹೊರಗೆ ಬಿಡಬೇಕು, ತೊಟ್ಟಿ ತೊಳೀಬೇಕು, ಅದನ್ನ ಪ್ರತಿ ಮನೆಯೋರೂ ಮಾಡಬೇಕು. ಆದ್ರೆ ಪೊರಕೆ ಹಿಡಿಯೋಕೆ ಬೆಂಗಳೂರಿಂದ ಟೆಕ್ನಿಶಿಯನ್ ಬರಬೇಕಾಗಿಲ್ಲ.

ಇದನ್ನೆಲ್ಲ ಅಪ್ಪನ ಮುಂದೆ ಹೇಳಿದೆ. ಅವರು ಒಪ್ಪಲಿಲ್ಲ. ಈ ವಯಸ್ಸಲ್ಲಿ ತಾರಸಿ ಹತ್ತೋನು ಯಾರು, ನಾಣ್ಯ ಹಾಕಿದ್ರೆ ನೀರು ಬರುತ್ತಲ್ಲ ಅಂದ್ರು. ಅದೂ ಸರಿಯಾದ ಪ್ರಶ್ನೆನೇ, ನಾನಂತೂ ಊರಲ್ಲಿಲ್ಲ. ಘಟಕ ಕೆಟ್ಟು ನಿಂತಾಗ ಮಾತ್ರ ಟಿವಿಎಸ್ ಮೊಪೆಡ್ಡಿಗೆ ಎರಡು ಕ್ಯಾನ್ ಕಟ್ಕೊಂಡು ಪಕ್ಕದೂರಿಗೆ ಹೋಗಿ ಬರ್ತಾರೆ, ಬಂದು ಫೋನ್ ಮಾಡಿ, ಅಲ್ಲಿ ಐದು ರೂಪಾಯಿ ಕಣೋ, ನಮ್ಮೂರಲ್ಲಿ ಎರಡೇ ಅಂತ ಗೊಣಗ್ತಾರೆ.